ಬಂಡೆಯಂಚಿನ ಕುರಿಂಜಿ: ಹೂ ಮುಗಿದ ಮೇಲಿನ ಎಣಿಕೆ

ಕುರಿಂಜಿ ಅರಳಿದ ವರ್ಷ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿಗೆ ಬರುವವರೆಲ್ಲ ಕೇಳುವುದು ಈ ಸಲ ಎಷ್ಟು ಹೂ ಎಂದು. ಗಿಡ ಉಳಿಯುತ್ತದೆಯೇ ಎಂದು ತಿಳಿಯಬೇಕಾದವರು ಕೇಳಬೇಕಾದ್ದು ಬೇರೆ. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ಈ ಗಿಡ, ಹೂ ಮುಗಿದ ಮೇಲೆ ಕಾಯಿ ಕಟ್ಟಿ, ಒಣಗಿ ಸಾಯುತ್ತದೆ. ಬೀಜ ಉದುರಿ, ಮುಂದಿನ ಮುಂಗಾರಿಗೆ ಮೊಳೆತು, ಅದರ ಮುಂದಿನ ಬೇಸಿಗೆಯನ್ನು ದಾಟುವ ಸಸಿ ಎಷ್ಟು? ಮುಂದಿನ ಹನ್ನೆರಡು ವರ್ಷ ನಿಂತಿರುವುದು ಈ ಲೆಕ್ಕದ ಮೇಲೆ. ಆ ಹೊತ್ತಿಗೆ ಬೆಟ್ಟದಲ್ಲಿ ಕ್ಯಾಮೆರಾಗಳೂ ಇರುವುದಿಲ್ಲ, ಹೂ ಕಾಯುವ ಕಾವಲೂ ಇರುವುದಿಲ್ಲ. ನಮ್ಮ ತಂಡ ಎಣಿಸುವುದು ಆ ಅವಧಿಯನ್ನೇ. ಹೇಗೆ ಎಣಿಸುತ್ತೇವೆ, ಎಲ್ಲಿ ಲೆಕ್ಕ ತಪ್ಪುತ್ತದೆ, ತಪ್ಪದಂತೆ ಏನು ಮಾಡಬಹುದು ಎಂಬುದನ್ನು ಬೇರೆ ಬೆಟ್ಟಗಳಲ್ಲಿ ಇದೇ ಕೆಲಸಕ್ಕೆ ಇಳಿಯುವವರಿಗಾಗಿ ಬರೆಯುತ್ತಿದ್ದೇನೆ.

ನೀಲಕುರಿಂಜಿಯ ಶಾಸ್ತ್ರೀಯ ಹೆಸರು ಸ್ಟ್ರೊಬಿಲಾಂಥಸ್ ಕುಂಥಿಯಾನ. ದಕ್ಷಿಣ ಭಾರತದ ಎತ್ತರದ ಶೋಲಾ (ಬೆಟ್ಟದ ಕಣಿವೆಯ ಕುಳ್ಳು ಕಾಡು) ಹುಲ್ಲುಗಾವಲುಗಳನ್ನು ಬಿಟ್ಟರೆ ಬೇರೆಲ್ಲೂ ಇದು ತಾನಾಗಿ ಬೆಳೆಯುವುದಿಲ್ಲ. 2024ರಲ್ಲಿ, ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ‘ವಲ್ನರಬಲ್’ (ಅಪಾಯಕ್ಕೆ ಒಡ್ಡಿಕೊಂಡ) ವರ್ಗಕ್ಕೆ ಸೇರಿತು. ಸಮುದ್ರಮಟ್ಟದಿಂದ 1,340 ಮೀಟರಿನಿಂದ 2,600 ಮೀಟರಿನವರೆಗೆ ಇದರ ನೆಲೆ. ನಮ್ಮಲ್ಲಿ ಮುಳ್ಳಯ್ಯನಗಿರಿಯ ನೆತ್ತಿಯೇ 1,930 ಮೀಟರ್. ಹಾಗಾಗಿ ಚಿಕ್ಕಮಗಳೂರಿನಲ್ಲಿ ಇದಕ್ಕೆ ಸಿಗುವುದು ಮೇಲಿನ ಆರುನೂರು ಮೀಟರಿನ ಪಟ್ಟಿ ಮಾತ್ರ. ಅದರಲ್ಲೂ ಕೆಳಗಿನ ಪಾಲನ್ನು ಕಾಫಿ ತೋಟ, ರಸ್ತೆ, ಹೋಮ್‌ಸ್ಟೇಗಳು ಹಂಚಿಕೊಂಡಿವೆ. ಹವೆ ಬಿಸಿಯಾಗುತ್ತ ಹೋದರೆ ನೀಲಗಿರಿಯ ಗಿಡಕ್ಕೆ ಇನ್ನೂ ಮೇಲೇರಲು ಜಾಗ ಉಂಟು. ನಮ್ಮ ಗಿಡಕ್ಕೆ ಅದೂ ಇಲ್ಲ.

ಈ ಸಾಲಿನ ನೆತ್ತಿಗಳಲ್ಲಿಯೂ ಹೆಗಲುಗಳಲ್ಲಿಯೂ ಹಾಸುಬಂಡೆ ಹೆಚ್ಚು. ಬಂಡೆಯ ಮೇಲೆ ಅಲ್ಲಲ್ಲಿ ಮಣ್ಣು ಕೂತು, ಹುಲ್ಲು ಹಿಡಿದು, ಊಟದ ತಟ್ಟೆಯಷ್ಟರಿಂದ ಹಿಡಿದು ಒಂದು ಕೋಣೆಯಷ್ಟು ಅಗಲದ ತೇಪೆಗಳಾಗಿರುತ್ತವೆ. ನಾವು ಗಿಡವನ್ನಲ್ಲ, ಈ ತೇಪೆಯನ್ನೇ ಎಣಿಕೆಯ ಘಟಕವಾಗಿ ಇಟ್ಟುಕೊಂಡಿದ್ದೇವೆ. ಬಂಡೆಯ ಮೇಲೆ ಗಿಡ ಸತ್ತರೆ ಅದರ ಜಾಗಕ್ಕೆ ಇನ್ನೊಂದು ಬರಬಹುದು. ತೇಪೆಯೇ ಕಿತ್ತುಹೋದರೆ ಬರಲು ಜಾಗವೇ ಇರುವುದಿಲ್ಲ. ಬರಿಗಲ್ಲಿನ ಮೇಲೆ ಮತ್ತೆ ಅಷ್ಟು ಮಣ್ಣು ಕೂರುವುದನ್ನು ನೋಡಲು ನಮ್ಮ ಆಯುಷ್ಯ ಸಾಲದು.

ಬಂಡೆಯಂಚು ಈ ಗಿಡಕ್ಕೆ ಯಾಕೆ ಮುಖ್ಯ ಎನ್ನುವುದು ಸಾವಿನ ಲೆಕ್ಕದಿಂದ ತಿಳಿಯುತ್ತದೆ. ಆಳ ಮಣ್ಣಿನ ಇಳಿಜಾರಿನಲ್ಲಿ ಸಸಿಗೆ ನೀರು ಸಿಗುತ್ತದೆ, ಆದರೆ ಹುಲ್ಲೂ ಸೊಂಪಾಗಿ ಬೆಳೆದು ನೆರಳು ಮುಚ್ಚುತ್ತದೆ. ಬೇಸಿಗೆಯಲ್ಲಿ ಅದೇ ಹುಲ್ಲು ಒಣಗಿ ಬೆಂಕಿಗೆ ಮೇವಾಗುತ್ತದೆ. ತೆಳು ಮಣ್ಣಿನಲ್ಲಿ ಹುಲ್ಲು ವಿರಳ, ನಡುನಡುವೆ ಕಲ್ಲು, ಬೆಂಕಿ ಹರಿದು ಬರುವುದು ಕಷ್ಟ. ಆದರೆ ಫೆಬ್ರುವರಿ ದಾಟಿದ ಮೇಲೆ ಬಂಡೆ ಕಾದು ಬೇರು ಒಣಗುತ್ತದೆ, ಆಶ್ಲೇಷಾ ಮಳೆಯ ಹೊಡೆತಕ್ಕೆ ಸಸಿ ಮಣ್ಣಿನ ಸಮೇತ ಕೊಚ್ಚಿಹೋಗುತ್ತದೆ. ಈ ಎರಡರ ನಡುವಿನ ಪಟ್ಟಿಯಲ್ಲಿ ಎರಡೂ ಬಗೆಯ ಸಾವು ಸ್ವಲ್ಪ ಸ್ವಲ್ಪ ಇರುತ್ತದೆ. ಬೆಂಕಿ ಬಿದ್ದ ವರ್ಷ ಗಿಡ ಉಳಿಯುವುದು ಬಂಡೆಯ ಕಡೆ, ಬರ ಬಿದ್ದ ವರ್ಷ ಇಳಿಜಾರಿನ ಕಡೆ. ಎರಡೂ ಬದಿ ಒಟ್ಟಿಗೆ ಇರುವ ಬೆಟ್ಟದಲ್ಲಿ ಮಾತ್ರ ಗಿಡಕ್ಕೆ ನಿಜವಾದ ಭದ್ರತೆ. ಒಂದೇ ಬದಿಯಲ್ಲಿ ಚೌಕ ಹಾಕಿ ಎಣಿಸಿದವರಿಗೆ ಅರ್ಧ ಸತ್ಯ ಸಿಗುತ್ತದೆ.

ಕೆಲಸ ಶುರುವಾಗುವುದು ಅನುಮತಿಯಿಂದ. ಕುರಿಂಜಿ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದೆ. ಕೀಳುವುದು, ಕತ್ತರಿಸುವುದು, ಬೀಜ ಒಯ್ಯುವುದು ಹಾಗಿರಲಿ, ಬಂಡೆಗೆ ಒಂದು ಸ್ಕ್ರೂ ಹಾಕಲೂ ನಾವು ಅರಣ್ಯ ಇಲಾಖೆಗೆ ಲಿಖಿತವಾಗಿ ಬರೆದು ಒಪ್ಪಿಗೆ ಪಡೆಯುತ್ತೇವೆ. ಅರ್ಜಿಯಲ್ಲಿ ಯಾವ ಗುಡ್ಡ, ಎಷ್ಟು ತೇಪೆ, ಯಾವ ತಿಂಗಳು, ಯಾರು ಯಾರು ಎಂದು ನೇರವಾಗಿ ಇದ್ದರೆ ಕಡತ ಬೇಗ ಚಲಿಸುತ್ತದೆ. ಒಪ್ಪಿಗೆ ಪತ್ರದ ಪ್ರತಿ ಚೀಲದಲ್ಲೇ ಇರಬೇಕು. ಕೈಮರದ ಚೆಕ್‌ಪೋಸ್ಟಿನಲ್ಲಿ, ಮೇಲೆ ಗಸ್ತಿನವರ ಮುಂದೆ ಅದನ್ನು ತೋರಿಸಬೇಕಾಗುತ್ತದೆ.

ತೇಪೆ ಆರಿಸುವಲ್ಲಿ ಹೆಚ್ಚಿನವರು ಜಾರುತ್ತಾರೆ. ಗಿಡ ಚೆನ್ನಾಗಿರುವ ಕಡೆಗೇ ಕಣ್ಣು ಹೋಗುತ್ತದೆ, ಅಲ್ಲೇ ಚೌಕ ಬೀಳುತ್ತದೆ. ತುಂಬಿದ ತೇಪೆಗಳನ್ನೇ ಆರಿಸಿಕೊಂಡರೆ ವರ್ಷ ಕಳೆದಂತೆ ಲೆಕ್ಕ ಇಳಿಯುವುದೇ ಕಾಣುತ್ತದೆ, ಏಕೆಂದರೆ ತುಂಬಿದ್ದಕ್ಕೆ ಖಾಲಿಯಾಗುವ ದಾರಿ ಮಾತ್ರ ಇದೆ. ಖಾಲಿ ತೇಪೆಗೆ ಹೊಸ ಸಸಿ ಬಂದದ್ದು ಯಾರ ಪಟ್ಟಿಗೂ ಬರುವುದಿಲ್ಲ. ಆದ್ದರಿಂದ ನಾವು ಒಂದು ಹಾಸುಬಂಡೆಯ ಮೇಲಿನ ತೇಪೆಗಳಿಗೆಲ್ಲ ಮೊದಲು ಸಂಖ್ಯೆ ಕೊಡುತ್ತೇವೆ: ಕುರಿಂಜಿ ಇದ್ದವು, ಇಲ್ಲದವು ಎಂದು ಎರಡು ಪಟ್ಟಿ. ಎರಡರಿಂದಲೂ ಸಮನಾಗಿ ಚೀಟಿ ಎತ್ತುತ್ತೇವೆ. ಅರ್ಧ ಚದರ ಮೀಟರಿಗಿಂತ ಚಿಕ್ಕ ತೇಪೆಗಳಿಗೆ ಬೇರೆ ಚೀಟಿ, ಇಲ್ಲದಿದ್ದರೆ ದೊಡ್ಡವೇ ತುಂಬಿಕೊಳ್ಳುತ್ತವೆ. ನೀರು ಜಿನುಗಿ ಸದಾ ಕೆಸರಾಗಿರುವ ತೇಪೆಗಳನ್ನು ಆರಂಭದಲ್ಲೇ ಗುರುತಿಸಿ ಬದಿಗಿಡುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಡ್ರೊಸೆರಾ, ಯುಟ್ರಿಕ್ಯುಲೇರಿಯಾ, ಎರಿಯೊಕಾಲಾನ್ ಎಂಬ ಜೌಗಿನ ಪುಟ್ಟ ಗಿಡಗಳು ತುಂಬಿರುತ್ತವೆ. ಅವು ಹಬ್ಬಿದ ಕಡೆ ಬೇರಿಗೆ ಗಾಳಿ ಸಾಲದು, ಕುರಿಂಜಿ ನೆಲೆ ನಿಲ್ಲುವುದಿಲ್ಲ. ಅವುಗಳನ್ನು ‘ಖಾಲಿ’ ಎಂದು ಲೆಕ್ಕಕ್ಕೆ ಸೇರಿಸಿದರೆ ಬರಲಾಗದ ಜಾಗವನ್ನು ಬಾರದ ಜಾಗ ಎಂದು ಎಣಿಸಿದಂತಾಗುತ್ತದೆ.

ಇನ್ನು ಅದೇ ತೇಪೆಯನ್ನು ಮತ್ತೆ ಹುಡುಕುವುದು. ಮೊಬೈಲ್ ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ. ಆ ಅಳತೆಯೊಳಗೆ ನಾಲ್ಕೈದು ತೇಪೆಗಳಿರುತ್ತವೆ. ದಿಕ್ಸೂಚಿ ಹಿಡಿದು ಕೋನ ಬರೆದುಕೊಳ್ಳೋಣ ಎಂದರೆ ಈ ಸಾಲಿನ ಕಲ್ಲೇ ಅಡ್ಡ. ಬಾಬಾಬುಡನ್ ಬೆಟ್ಟಗಳ ಪಟ್ಟೆಗಲ್ಲಿನಲ್ಲಿ ಕಬ್ಬಿಣದ ಅದಿರಿದೆ, ಅದರಲ್ಲಿ ಅಯಸ್ಕಾಂತ ಗುಣದ ಮ್ಯಾಗ್ನೆಟೈಟ್ ಇರುವ ಕಡೆ ಮುಳ್ಳು ವಾಲುತ್ತದೆ. ಬಂಡೆಯ ಮೇಲೆ ಇಟ್ಟು ನೋಡಿದರೆ ಒಂದು ದಿಕ್ಕು, ಎದೆಮಟ್ಟದಲ್ಲಿ ಹಿಡಿದರೆ ಇನ್ನೊಂದು. ಮೊಬೈಲಿನೊಳಗಿನ ದಿಕ್ಸೂಚಿಯೂ ಅದೇ ಕಥೆ. ಆದ್ದರಿಂದ ಕೋನವನ್ನು ಪೂರ್ತಿ ಬಿಟ್ಟು ದೂರವನ್ನೇ ನಂಬುತ್ತೇವೆ. ಪ್ರತಿ ಹಾಸುಬಂಡೆಗೆ ಎರಡು ಸ್ಥಿರ ಗುರುತು: 6 ಮಿ.ಮೀ. ಬಿಟ್ ಹಾಕಿದ ಬ್ಯಾಟರಿ ಡ್ರಿಲ್ಲಿನಿಂದ 4 ಸೆಂ.ಮೀ. ತೂತು, ಅದಕ್ಕೆ ಪ್ಲಗ್, ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. ಎರಡು ಸ್ಕ್ರೂಗಳ ನಡುವೆ ಕನಿಷ್ಠ 10 ಮೀಟರ್ ಅಂತರ ಇರಲಿ. ತೇಪೆಯ ನಡುವಿಗೆ ಎರಡರಿಂದಲೂ ಟೇಪು ಎಳೆದು ಸೆಂ.ಮೀ. ಲೆಕ್ಕದಲ್ಲಿ ಬರೆದರೆ, ಅದು ಸಿಗುವ ಜಾಗ ಎರಡೇ: ಗೆರೆಯ ಈಚೆ ಅಥವಾ ಆಚೆ. ‘ಕಣಿವೆಯ ಕಡೆ’ ಅಥವಾ ‘ನೆತ್ತಿಯ ಕಡೆ’ ಎಂದು ಒಂದು ಮಾತು ಸೇರಿಸಿದರೆ ಮುಗಿಯಿತು.

ಸ್ಕ್ರೂ ಹಾಕುವಾಗ ಬಿರುಕಿನಿಂದ ಒಂದು ಗೇಣಾದರೂ ದೂರ ಇರಬೇಕು, ಇಲ್ಲದಿದ್ದರೆ ಅಂಚಿನ ಚಕ್ಕೆ ಎದ್ದು ಸ್ಕ್ರೂ ಸಮೇತ ಹೋಗುತ್ತದೆ. ಪಟ್ಟೆಗಲ್ಲು ಗಟ್ಟಿ, ಬಿಟ್ ಬೇಗ ಮೊಂಡಾಗುತ್ತದೆ; ಒಂದು ದಿನಕ್ಕೆ ಮೂರು ಬಿಟ್ ಚೀಲದಲ್ಲಿರಲಿ. ಜಂಬಿಟ್ಟಿಗೆ ಕಲ್ಲು ಸಿಕ್ಕಿದರೆ ತೂತು ಪುಡಿಯಾಗಿ ಪ್ಲಗ್ ಹಿಡಿಯುವುದಿಲ್ಲ, ಅಲ್ಲಿ ಇಪಾಕ್ಸಿ ಅಂಟು ತುಂಬಿ ಸ್ಕ್ರೂ ಕೂರಿಸುವುದೇ ಸರಿ. ಬಣ್ಣ ಬಳಿಯುವುದನ್ನು ನಾವು ಮಾಡುವುದಿಲ್ಲ. ಜಡಿಮಳೆಗೆ ಎರಡು ವರ್ಷವೂ ನಿಲ್ಲುವುದಿಲ್ಲ, ನೋಡುವವರ ಕಣ್ಣಿಗೂ ಕಲ್ಲಿಗೂ ಅದು ಗಾಯ.

ಮಣ್ಣಿನ ಆಳಕ್ಕೆ ಬೇಕಾದ್ದು 6 ಮಿ.ಮೀ. ದಪ್ಪದ, 60 ಸೆಂ.ಮೀ. ಉದ್ದದ ಉಕ್ಕಿನ ಸರಳು. ತುದಿ ಮೊಂಡಾಗಿರಲಿ, ಪ್ರತಿ ಸೆಂಟಿಮೀಟರಿಗೆ ಗರಗಸದ ಗೆರೆ. ಚೂಪಾಗಿದ್ದರೆ ಬಿರುಕಿಗೆ ಇಳಿದು ಸುಳ್ಳು ಆಳ ಹೇಳುತ್ತದೆ. ತೇಪೆಯ ನಡುವೆ ಒಂದು, ನಾಲ್ಕು ಕಡೆ ಅಂಚಿನಿಂದ ಒಂದು ಗೇಣು ಒಳಗೆ ಒಂದೊಂದು, ಹೀಗೆ ಐದು ಕಡೆ ನೇರವಾಗಿ ಚುಚ್ಚಿ ಕಲ್ಲು ತಾಗುವವರೆಗಿನ ಅಳತೆ ಬರೆಯುತ್ತೇವೆ. ಕಲ್ಲು ತಾಗಿದರೆ ಕೈಗೆ ಠಣ್ ಎಂದು ತಿಳಿಯುತ್ತದೆ, ಬೇರು ತಾಗಿದರೆ ಸರಳು ಮೆತ್ತಗೆ ಒದೆಯುತ್ತದೆ. ಆಗ ಎರಡು ಬೆರಳು ಪಕ್ಕಕ್ಕೆ ಸರಿಸಿ ಮತ್ತೆ ನೋಡಬೇಕು. ಸರಾಸರಿಯ ಜೊತೆಗೆ ಅತಿ ಹೆಚ್ಚಿನ ಆಳವನ್ನೂ ಬರೆದಿಡುವುದು ಮುಖ್ಯ. ಮೇಲೆ ಐದಾರು ಸೆಂ.ಮೀ. ಮಣ್ಣಷ್ಟೇ ಇದ್ದರೂ ಕೆಳಗೊಂದು ಸಂದು ಸಿಕ್ಕಿದರೆ ಗಿಡ ಬೇಸಿಗೆ ಕಳೆಯುತ್ತದೆ. ತೆಳು ಮಣ್ಣಿನಲ್ಲಿ, ಗಾಳಿಗೆ ಒಡ್ಡಿದ ಕಡೆ, ಬೆಳೆದ ಗಿಡ 30ರಿಂದ 60 ಸೆಂ.ಮೀ. ಎತ್ತರಕ್ಕೆ ನಿಲ್ಲುತ್ತದೆ, ಶೋಲಾ ಅಂಚಿನ ಆಳ ಮಣ್ಣಿನಲ್ಲಿ ಆಳೆತ್ತರವೂ ಆಗಬಹುದು. ಆದ್ದರಿಂದ ಎತ್ತರ ನೋಡಿ ವಯಸ್ಸು ಹೇಳಲು ಹೋಗಬಾರದು.

ಎಣಿಸುವ ಚೌಕಟ್ಟು ಅರ್ಧ ಇಂಚಿನ ಪಿವಿಸಿ ಪೈಪಿನದು, ಒಂದು ಮೀಟರಿನ ನಾಲ್ಕು ತುಂಡು, ನಾಲ್ಕು ಎಲ್ಬೋ. ಅಂಟು ಹಾಕುವುದಿಲ್ಲ, ಬಿಚ್ಚಿ ಹೊರುವಂತಿರಬೇಕು. ಪ್ರತಿ 20 ಸೆಂ.ಮೀ.ಗೆ ತೂತು ಕೊರೆದು ನೈಲಾನ್ ದಾರ ಹೆಣೆದರೆ 25 ಮನೆಗಳಾಗುತ್ತವೆ. ತೇಪೆ ಚೌಕಟ್ಟಿಗಿಂತ ಚಿಕ್ಕದಾಗಿದ್ದರೆ ಮಣ್ಣಿರುವ ಮನೆಗಳನ್ನು ಮಾತ್ರ ಎಣಿಸಿ, ಎಷ್ಟು ಮನೆ ಎಂದು ಬರೆಯುತ್ತೇವೆ. ಚೌಕಟ್ಟು ಇಡುವವರು ಬಂಡೆಯ ಮೇಲೆ ನಿಂತೇ ಬಗ್ಗಬೇಕು. ತೇಪೆಯ ಮೇಲೆ ಮಂಡಿ ಊರಿದರೆ ಎಣಿಸಬೇಕಾದ ಸಸಿಯೇ ಮಂಡಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡ ತೇಪೆಗೆ ನಾವು ಎರಡು ಬದಿ ಕಲ್ಲಿಟ್ಟು ಅದರ ಮೇಲೆ ಹಲಗೆ ಹಾಸಿಕೊಳ್ಳುತ್ತೇವೆ.

ಸಸಿ ಗುರುತಿಸಲು ಕಣ್ಣು ಪಳಗಬೇಕು. ಕುರಿಂಜಿಯ ಮೊದಲ ಎಲೆಗಳು ಎದುರುಬದುರು, ಅಂಚು ಹಲ್ಲುಹಲ್ಲು, ಮೈಮೇಲೆ ಒರಟು ರೋಮ. ಅದೇ ಹೊತ್ತಿಗೆ ಮೊಳೆಯುವ ಯುಪಟೋರಿಯಂ ಕಳೆಯ ಸಸಿಯದೂ ಎದುರೆಲೆಯೇ. ಆದರೆ ಅದರ ಎಲೆಯ ಬುಡದಿಂದಲೇ ಮೂರು ನರ ಕವಲೊಡೆಯುತ್ತವೆ, ಕುರಿಂಜಿಯದು ನಡುನರದಿಂದ ಜೋಡಿಜೋಡಿಯಾಗಿ ಹೊರಡುತ್ತದೆ. ಲಂಟಾನ ಸಸಿಯ ಎಲೆ ಉಜ್ಜಿದರೆ ವಾಸನೆಯೇ ಹೇಳುತ್ತದೆ. ಕಷ್ಟವಿರುವುದು ಕುರಿಂಜಿಯ ಬಂಧುಗಳಲ್ಲಿ. ಈ ಸಾಲಿನಲ್ಲಿ ಸ್ಟ್ರೊಬಿಲಾಂಥಸ್ ಕುಲದ ಪ್ರಭೇದಗಳು ಒಂದಕ್ಕಿಂತ ಹೆಚ್ಚಿವೆ, ಅವುಗಳ ಹೂಚಕ್ರವೂ ಬೇರೆ ಬೇರೆ, ಎಳೆ ಸಸಿಗಳು ಮಾತ್ರ ಒಂದರಂತೆ ಇನ್ನೊಂದು. ನಾಲ್ಕು ಜೊತೆ ಎಲೆ ಬರುವವರೆಗೆ ನಾವು ಪುಸ್ತಕದಲ್ಲಿ ಕುಲದ ಹೆಸರಷ್ಟೇ ಬರೆಯುತ್ತೇವೆ. ಎಲೆಯಡಿಯಲ್ಲಿ ಬೂದುಬಣ್ಣದ ದಟ್ಟ ರೋಮ ಕಂಡ ಮೇಲೆ ಕುಂಥಿಯಾನ ಎಂದು ತಿದ್ದುತ್ತೇವೆ. ಹೂವಿನ ವರ್ಷದ ಫೋಟೊ ಆ ತೇಪೆಯದೇ ಇದ್ದರೆ ಅನುಮಾನ ಅರ್ಧ ಕಳೆಯುತ್ತದೆ.

ಪ್ರತಿ ಮನೆಯಲ್ಲಿ ಎಡ ಕೆಳಮೂಲೆಗೆ ಹತ್ತಿರದ ಐದು ಸಸಿಗಳಿಗೆ ಗುರುತು ಹಾಕಿ ಉಳಿದವನ್ನು ಎಣಿಸಿ ಬಿಡುತ್ತೇವೆ. ಗುರುತಿಗೆ ಹಳೆಯ ಟೆಲಿಫೋನ್ ಕೇಬಲ್ಲಿನ ಒಳತಂತಿಯನ್ನು 8 ಸೆಂ.ಮೀ. ಕತ್ತರಿಸಿ ಕೊಕ್ಕೆ ಬಗ್ಗಿಸಿ ಸಸಿಯ ಪಕ್ಕ ಚುಚ್ಚುತ್ತೇವೆ; ಪ್ಲಾಸ್ಟಿಕ್ ಹೊದಿಕೆಯ ಬಣ್ಣ ವರ್ಷಕ್ಕೊಂದು. ಕೆಂಪು, ಹಳದಿ ಬೇಡ. ವಾಹನ ನಿಲ್ಲುವ ಜಾಗದ ಹತ್ತಿರ ಕೋತಿಗಳು ಹೊಳೆಯುವ ತಂತಿಯನ್ನು ಕಿತ್ತು ನೋಡುತ್ತವೆ. ಕಂದು, ಬೂದು, ಕಡು ಹಸಿರು ಸಾಕು. ಮರದ ಕಡ್ಡಿ ಒಂದೇ ಮಳೆಗಾಲಕ್ಕೆ ಕೊಳೆಯುತ್ತದೆ.

ಈ ಕೊಕ್ಕೆಯಿಂದ ಇನ್ನೊಂದು ಉಪಕಾರ ಇದೆ: ಸಸಿ ಹೇಗೆ ಹೋಯಿತು ಎಂದು ಅದು ಹೇಳುತ್ತದೆ. ಕೊಕ್ಕೆಯೂ ಇಲ್ಲ, ಸಸಿಯೂ ಇಲ್ಲ, ಮಣ್ಣು ಕೆಳಗಿಳಿದಿದೆ ಎಂದರೆ ನೀರಿಗೆ ಕೊಚ್ಚಿದೆ. ಕೊಕ್ಕೆ ಇದ್ದು ಸಸಿಯ ಮೋಟು ಉಳಿದಿದ್ದರೆ ಏನೋ ತಿಂದಿದೆ. ಕೊಕ್ಕೆ ನೆಲಕ್ಕೆ ಚಪ್ಪಟೆಯಾಗಿ ಒರಗಿದ್ದರೆ ಕಾಲು ಬಿದ್ದಿದೆ. ಹೊದಿಕೆ ಕರಗಿ ತಾಮ್ರ ಕಂಡರೆ ಬೆಂಕಿ. ಒಣಗಿದ ಸಸಿ ಕೊಕ್ಕೆಯ ಪಕ್ಕ ನಿಂತೇ ಇದ್ದರೆ ಬೇಸಿಗೆ. ಎಣಿಕೆ ಪುಸ್ತಕದಲ್ಲಿ ‘ಸತ್ತಿದೆ’ ಎಂಬ ಒಂದೇ ಕಾಲಂ ಇಟ್ಟರೆ ಇದಿಷ್ಟೂ ಕಳೆದುಹೋಗುತ್ತದೆ. ಯಾವುದಕ್ಕೆ ಏನು ಮಾಡಬೇಕು ಎಂಬುದು ಈ ಕಾಲಂಗಳಿಂದಲೇ ತಿಳಿಯಬೇಕು: ತುಳಿತಕ್ಕೆ ಬೇಲಿ ಮದ್ದು, ಬರಕ್ಕೆ ಬೇಲಿ ಏನೂ ಮಾಡದು.

ವರ್ಷಕ್ಕೆ ನಾಲ್ಕು ಎಣಿಕೆ. ಆರಿದ್ರಾ ಮಳೆ ಕಳೆಯುವ ಹೊತ್ತಿಗೆ, ಅಂದರೆ ಜುಲೈ ಮೊದಲ ವಾರ, ಮೊಳೆತದ್ದೆಷ್ಟು ಎಂದು. ಸೆಪ್ಟೆಂಬರ್ ಕೊನೆಗೆ ಮಳೆಯ ಹೊಡೆತ ದಾಟಿದ್ದೆಷ್ಟು. ಡಿಸೆಂಬರಿನಲ್ಲಿ ಹಿಂಗಾರು ಮುಗಿದ ಮೇಲೆ. ಏಪ್ರಿಲ್ ನಡುವೆ, ಮುಂಗಾರುಪೂರ್ವ ಮಳೆ ಬಲಿಯುವ ಮೊದಲು, ಬರ ಮತ್ತು ಬೆಂಕಿ ದಾಟಿದ್ದೆಷ್ಟು. ಜುಲೈಯ ಎಣಿಕೆಯೇ ಕಠಿಣ. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಮಂಜಿನಲ್ಲಿ ಹತ್ತು ಮೀಟರ್ ಆಚೆ ಕಾಣುವುದಿಲ್ಲ, ಕೆಳಗಿನ ಶೋಲಾ ದಾಟುವಾಗ ಇಂಬಳ. ಜೆಲ್ ಪೆನ್ನಿನ ಬರಹ ತೊಳೆದುಹೋಗುತ್ತದೆ, 2ಬಿ ಪೆನ್ಸಿಲ್ ಒಂದೇ ನಿಲ್ಲುವುದು. ಹಾಳೆಗಳನ್ನು ಗಟ್ಟಿ ಹಲಗೆಗೆ ಕ್ಲಿಪ್ ಹಾಕಿ ಮೇಲೊಂದು ಪಾರದರ್ಶಕ ಚೀಲ ಕಟ್ಟಿ, ಕೈಯನ್ನು ಚೀಲದೊಳಗೆ ತೂರಿಸಿ ಬರೆಯುವುದು. ಒಬ್ಬರು ಕೂಗಿ ಹೇಳಿ, ಇನ್ನೊಬ್ಬರು ಅದನ್ನೇ ತಿರುಗಿ ಹೇಳಿ ಬರೆಯಬೇಕು. ಗಾಳಿಯಲ್ಲಿ ಏಳೂ ಎಂಟೂ ಕಿವಿಗೆ ಒಂದೇ.

2022ರಲ್ಲಿ ಚಂದ್ರದ್ರೋಣ ಸಾಲು ನೀಲಿಯಾಗಿ ಅರಳಿತು. ಆ ಬೀಜ ಮೊಳೆಯಬೇಕಾದ 2023ರ ಮುಂಗಾರು ತಡವಾಗಿ ಬಂತು. ಆ ವರ್ಷದ ಆಗಸ್ಟ್ ದೇಶದ ಮಟ್ಟದಲ್ಲಿ 1901ರಿಂದೀಚಿನ ಅತಿ ಒಣ ಆಗಸ್ಟ್. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಹೂವು ಕಂಡವರಲ್ಲಿ ಎಷ್ಟು ಮಂದಿಗೆ ಆ ಆಗಸ್ಟಿನ ಚಿಂತೆ ಇತ್ತು? ಎರಡಂಗುಲದ ಸಸಿಗೆ ನಡುಮಳೆಗಾಲದಲ್ಲಿ ಬೀಳುವ ಬಿಸಿಲು ಬೇಸಿಗೆಗಿಂತ ಕೆಟ್ಟದ್ದು, ಏಕೆಂದರೆ ಬೇರು ಇನ್ನೂ ಸಂದು ಹುಡುಕಿಕೊಂಡಿರುವುದಿಲ್ಲ. ಆದ್ದರಿಂದ ಮೊಳೆತ ವರ್ಷ ಮಾತ್ರ ಆಗಸ್ಟಿನಲ್ಲಿ ಐದನೆಯ ಎಣಿಕೆ ಸೇರಿಸುವುದು ಒಳ್ಳೆಯದು.

ಲೆಕ್ಕ ಹಾಕುವ ಬಗೆಗೆ ಒಂದು ಕಾಲ್ಪನಿಕ ಉದಾಹರಣೆ. ಒಂದು ತೇಪೆಯಲ್ಲಿ ಜುಲೈಯಲ್ಲಿ 200 ಸಸಿ, ಸೆಪ್ಟೆಂಬರಿನಲ್ಲಿ 120, ಡಿಸೆಂಬರಿನಲ್ಲಿ 90, ಏಪ್ರಿಲ್‌ನಲ್ಲಿ 30 ಇದ್ದರೆ, ಮಳೆ ದಾಟಿದ್ದು ನೂರಕ್ಕೆ 60, ಹಿಂಗಾರು ದಾಟಿದ್ದು 75, ಬೇಸಿಗೆ ದಾಟಿದ್ದು 33. ಸತ್ತ ತಲೆಗಳನ್ನು ಎಣಿಸಿದರೆ ಮಳೆಯಲ್ಲಿ 80, ಬೇಸಿಗೆಯಲ್ಲಿ 60, ಹಾಗಾಗಿ ಮಳೆಯೇ ಹೆಚ್ಚು ಕೊಂದಿತು ಎನಿಸುತ್ತದೆ. ಆದರೆ ಬೇಸಿಗೆ ತನ್ನ ಕೈಗೆ ಸಿಕ್ಕಿದ್ದರಲ್ಲಿ ಮೂರರಲ್ಲಿ ಎರಡನ್ನು ತೆಗೆದಿದೆ. ಪ್ರತಿ ಹಂತವನ್ನು ಅದರ ಹಿಂದಿನ ಹಂತದಿಂದಲೇ ಭಾಗಿಸಬೇಕು. ಆಳದ ಪ್ರಕಾರ ತೇಪೆಗಳನ್ನು 10 ಸೆಂ.ಮೀ.ಗಿಂತ ಕಡಿಮೆ, 10ರಿಂದ 20, 20ಕ್ಕಿಂತ ಹೆಚ್ಚು ಎಂದು ಮೂರು ಗುಂಪು ಮಾಡಿ ಈ ಭಾಗಾಕಾರವನ್ನು ಬೇರೆ ಬೇರೆ ಮಾಡಿದಾಗ ಬಂಡೆ ಯಾವ ವರ್ಷ ಕಾದಿತು, ಯಾವ ವರ್ಷ ಕೈಬಿಟ್ಟಿತು ಎಂದು ಕಾಣುತ್ತದೆ. ಒಂದೇ ತೇಪೆಯ 25 ಮನೆಗಳನ್ನು 25 ಸ್ವತಂತ್ರ ಸಾಕ್ಷಿ ಎಂದು ತೆಗೆದುಕೊಳ್ಳಬಾರದು. ಸಾಕ್ಷಿ ತೇಪೆ ಒಂದೇ.

ತುಳಿತದ ವಿಷಯ ಎಲ್ಲಕ್ಕಿಂತ ನನ್ನನ್ನು ಕಾಡುವಂಥದ್ದು, ಏಕೆಂದರೆ ಇದೊಂದನ್ನು ತಡೆಯುವುದು ನಮ್ಮ ಕೈಯಲ್ಲಿದೆ. ಹೂವಿನ ವರ್ಷ ಫೋಟೊಗಾಗಿ ಜನ ಗಿಡಗಳ ನಡುವೆ ನುಗ್ಗುತ್ತಾರೆ, ಅದು ಎಲ್ಲರಿಗೂ ಕಾಣುತ್ತದೆ. ಆದರೆ ಆಗ ಮುರಿಯುವುದು ಹೇಗೂ ಸಾಯಲಿರುವ ಗಿಡ. ಕಾಯಿ ಕಟ್ಟುವ ಮೊದಲು ಮುರಿದರೆ ಬೀಜದ ನಷ್ಟ, ಅಷ್ಟೇ. ಮರುವರ್ಷ ಅದೇ ಕಾಲುದಾರಿ ಸಸಿಗಳ ಮೇಲೆ ಹಾಯುತ್ತದೆ. ಹುಲ್ಲಿನೊಳಗೆ ಮುಳುಗಿದ ಸಸಿ ನಡೆಯುವವರಿಗೆ ಕಾಣುವುದೇ ಇಲ್ಲ. ಆ ವರ್ಷದ ಸಸಿಗಳ ಬೆನ್ನಿಗೆ ನಡುವಯಸ್ಸಿನ ಗಿಡಗಳಿಲ್ಲ, ಮುದಿ ಗಿಡಗಳಿಲ್ಲ. ಬೆಟ್ಟದ ಕುರಿಂಜಿ ಬಹುಪಾಲು ಒಂದೇ ವಯಸ್ಸಿನದು. ಬೇರೆ ಗಿಡವಾದರೆ ಒಂದು ವರ್ಷದ ಸಸಿ ಹೋದರೂ ಮುಂದಿನ ವರ್ಷ ತಾಯಿ ಮತ್ತೆ ಬೀಜ ಕೊಡುತ್ತಾಳೆ. ಕುರಿಂಜಿಗೆ ಆ ಅವಕಾಶ ಇಲ್ಲ. ಬೀಜವೂ ದೂರ ಹೋಗುವಂಥದ್ದಲ್ಲ: ಒಣಗಿದ ಕಾಯಿ ಸಿಡಿದು ಬೀಜ ಹಾರುವುದು ಕೆಲವೇ ಮೀಟರ್. ಒಂದು ಗುಡ್ಡದಲ್ಲಿ ಪೂರ್ತಿ ಅಳಿದರೆ ಪಕ್ಕದ ಗುಡ್ಡದಿಂದ ತಾನಾಗಿ ಬಂದು ತುಂಬಿಕೊಳ್ಳದು.

ತೇಪೆಯ ಅಂಚನ್ನು ಅಳೆಯುವುದು ಸುಲಭ. ಎರಡು ಸ್ಕ್ರೂಗಳಿಂದ ತೇಪೆಯ ಹತ್ತಿರದ ಅಂಚಿಗೂ ದೂರದ ಅಂಚಿಗೂ ಟೇಪು ಹಿಡಿದು ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ, ಬರೆಯುತ್ತೇವೆ. ಜೊತೆಗೆ ಅಳತೆಪಟ್ಟಿ ಇಟ್ಟು ಮೇಲಿನಿಂದ ಒಂದು ಫೋಟೊ. ಬೂಟಿನ ಅಂಚು ತಾಗಿದ ಕಡೆ ಮಣ್ಣಿನ ಹೊದಿಕೆ ಕಂಬಳಿಯಂತೆ ಮಡಚಿಕೊಂಡು ಮೇಲೇಳುತ್ತದೆ, ಅದರಡಿಗೆ ನೀರು ನುಗ್ಗಿ ಮುಂದಿನ ಮಳೆಗೆ ಇಡೀ ತುಂಡು ಜಾರುತ್ತದೆ. ಎದ್ದ ಅಂಚನ್ನು ಕೂಡಲೇ ಕೈಯಿಂದ ಒತ್ತಿ ಕೂರಿಸಿ, ಅಲ್ಲೇ ಬಿದ್ದಿರುವ ಚಪ್ಪಟೆ ಕಲ್ಲುಗಳನ್ನು ಅಂಚಿಗೆ ಹೇರಿದರೆ ಹುಲ್ಲಿನ ಬೇರು ಮತ್ತೆ ಹಿಡಿಯಲು ಸಮಯ ಸಿಗುತ್ತದೆ. ಹೊರಗಿನ ಮಣ್ಣು ತಂದು ತುಂಬಬಾರದು.

ದಾರಿಯನ್ನು ಬಂಡೆಯ ಮೇಲೆ ತಿರುಗಿಸುವುದೇ ತುಳಿತಕ್ಕೆ ನಾವು ಕಂಡ ಗಟ್ಟಿ ಉಪಾಯ. ಜನ ಕಲ್ಲಿನ ಮೇಲೆ ಎಷ್ಟು ನಡೆದರೂ ಕುರಿಂಜಿಗೆ ಏನೂ ಆಗದು. ತೇಪೆಗಳ ನಡುವೆ ಕಾಲಿಗೆ ಸಲೀಸಾದ ಬರಿಗಲ್ಲಿನ ಜಾಡು ಹುಡುಕಿ, ಅದರ ಎರಡು ಬದಿಗೆ ಮಂಡಿಯೆತ್ತರದ ಕಲ್ಲು ಸಾಲು ಇಟ್ಟರೆ ಹತ್ತರಲ್ಲಿ ಹೆಚ್ಚಿನವರು ತಾವಾಗಿ ಅದರಲ್ಲೇ ನಡೆಯುತ್ತಾರೆ. ಹಗ್ಗದ ಬೇಲಿ ಗಾಳಿಗೆ ನಿಲ್ಲುವುದಿಲ್ಲ. ದೀಪಾವಳಿಯಲ್ಲಿ ದೇವೀರಮ್ಮನ ಬೆಟ್ಟ ಹತ್ತುವ ಸಾವಿರಾರು ಜನರನ್ನು ನೋಡಿ: ಸಾಲು ಹಿಡಿದು ಹಳೆಯ ಜಾಡಿನಲ್ಲೇ ಏರಿ ಇಳಿಯುತ್ತಾರೆ. ಜನರ ಸಂಖ್ಯೆಗಿಂತ ಅವರ ಚದುರುವಿಕೆಯೇ ಗಿಡಕ್ಕೆ ದೊಡ್ಡ ಶತ್ರು ಎಂಬುದು ಅಲ್ಲಿ ತಿಳಿಯುತ್ತದೆ.

ಕಳೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಲಂಟಾನ, ಯುಪಟೋರಿಯಂ ಕಂಡರೆ ಬುಡಸಮೇತ ಕೀಳಬೇಕು ಎಂಬುದು ತೋಟದ ಪಾಠ. ಬಂಡೆಯ ತೇಪೆಯಲ್ಲಿ ಅದು ಅನಾಹುತ: ದೊಡ್ಡ ಬೇರು ಎಳೆದರೆ ತೇಪೆಯೇ ಎದ್ದು ಬರುತ್ತದೆ. ಗೇಣೆತ್ತರದೊಳಗಿನ ಸಸಿಯನ್ನು ಮಳೆ ನಿಂತ ಮರುದಿನ, ಮಣ್ಣು ಮೆತ್ತಗಿರುವಾಗ, ಇನ್ನೊಂದು ಕೈಯಿಂದ ನೆಲ ಒತ್ತಿ ಹಿಡಿದು ಕೀಳಬಹುದು. ಅದಕ್ಕಿಂತ ದೊಡ್ಡದನ್ನು ಹೂ ಬಿಡುವ ಮೊದಲು ಗರಗಸದಿಂದ ನೆಲಮಟ್ಟಕ್ಕೆ ಕೊಯ್ದು, ಚಿಗುರಿದಾಗಲೆಲ್ಲ ಮತ್ತೆ ಕೊಯ್ಯುತ್ತ ದಣಿಸಬೇಕು. ನೆಡುತೋಪಿನಿಂದ ಹಬ್ಬುವ ಅಕೇಶಿಯಾ ಸಸಿಗಳಿಗೂ ಇದೇ ಕ್ರಮ; ಅವುಗಳ ಬೀಜ ಮಣ್ಣಿನಲ್ಲಿ ಬಹುಕಾಲ ಜೀವ ಹಿಡಿದು ಬೆಂಕಿ ಬಿದ್ದ ಮೇಲೆ ಒಟ್ಟಿಗೆ ಮೊಳೆಯುವುದರಿಂದ, ಸುಟ್ಟ ಜಾಗವನ್ನು ಮುಂದಿನ ಮುಂಗಾರಿಗೆ ಮೊದಲು ನೋಡಬೇಕು.

ನರ್ಸರಿಯಲ್ಲಿ ಕುರಿಂಜಿ ಬೆಳೆಸಿ ಬೆಟ್ಟಕ್ಕೆ ನೆಡೋಣ ಎಂದು ಒಳ್ಳೆಯ ಮನಸ್ಸಿನವರು ಆಗಾಗ ಕೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಪಾಲಿಥಿನ್ ಚೀಲದ ಮಣ್ಣಿನ ಜೊತೆ ತೋಟದ ಕಳೆ ಬೀಜ, ಬೇರುಕೊಳೆಯ ಶಿಲೀಂಧ್ರ ಬೆಟ್ಟಕ್ಕೆ ಬರುತ್ತವೆ. ಅದಕ್ಕಿಂತ ಮುಖ್ಯವಾದದ್ದು ಹೊಂದಾಣಿಕೆ. ಒಟ್ಟಿಗೆ ಅರಳುವುದರಲ್ಲೇ ಈ ಗಿಡದ ಬಲ ಇದೆ: ತುಡುವೆ, ಹೆಜ್ಜೇನು ಗುಂಪಾಗಿ ಬಂದು ಪರಾಗ ಸಾಗಿಸುತ್ತವೆ; ಬೀಜ ರಾಶಿಯಾಗಿ ಬೀಳುವುದರಿಂದ ಕಾಡುಕೋಳಿ, ಇಲಿ, ಇರುವೆ ತಿಂದು ಮುಗಿಸಿದರೂ ಮಿಕ್ಕುತ್ತದೆ. ಬೇರೆ ವರ್ಷದ ಸಸಿ ನೆಟ್ಟರೆ ಅದು ಒಂಟಿಯಾಗಿ ಅರಳುತ್ತದೆ, ಅದರ ಅಲ್ಪಸ್ವಲ್ಪ ಬೀಜ ತಿನ್ನುವವರ ಪಾಲು. ತಾನಾಗಿಯೇ ಹಿಂದೆ ಬಿದ್ದು ಮರುವರ್ಷವೋ ಅದರಾಚೆಯೋ ಅರಳುವ ಗಿಡಗಳೂ ಇವೆ. ಅವಕ್ಕೆ ನಾವು ಅಲ್ಯುಮಿನಿಯಂ ಪಟ್ಟಿ ಕಟ್ಟಿ, ಅರಳಿದ ವರ್ಷ, ಗಿಡದ ಮೇಲೇ ಕಾಯಿ ಒತ್ತಿ ನೋಡಿ ತುಂಬಿದ್ದೆಷ್ಟು, ಜೊಳ್ಳೆಷ್ಟು ಎಂದು ಬರೆಯುತ್ತೇವೆ. ಜನ ಕಳಿಸುವ ‘ಈ ವರ್ಷವೂ ಕುರಿಂಜಿ ಅರಳಿದೆ’ ಎಂಬ ಫೋಟೊಗಳಲ್ಲಿ ಇಂಥವೂ ಇರುತ್ತವೆ, ಬೇರೆ ಪ್ರಭೇದದವೂ ಇರುತ್ತವೆ.

ಹನ್ನೆರಡು ವರ್ಷದ ಕೆಲಸದಲ್ಲಿ ಎಣಿಸುವವರು ಬದಲಾಗುತ್ತಾರೆ. ಆದ್ದರಿಂದ ಪುಸ್ತಕದ ಮೊದಲ ಪುಟದಲ್ಲೇ ನಿಯಮ ಇದೆ: ಒಂದೇ ಬುಡದಿಂದ ಹೊರಟ ಕಾಂಡಗಳೆಲ್ಲ ಒಂದು ಗಿಡ, ಬುಡ ಕಾಣದಿದ್ದರೆ ಹುಲ್ಲು ಸರಿಸಿ ನೋಡಬೇಕು, ಊಹಿಸಬಾರದು. ಸತ್ತ ಕಾಂಡಗಳು ನಿಂತೇ ಉಳಿಯುತ್ತವೆ, ಅವು ಜೀವಂತ ಗಿಡದ ಲೆಕ್ಕಕ್ಕೆ ಸೇರಬಾರದು. ಸ್ಥಾನಗಳು ದಶಮಾಂಶ ಡಿಗ್ರಿಯಲ್ಲಿ, ಜೊತೆಗೆ ಕೈಯಲ್ಲಿ ಬರೆದ ನಕ್ಷೆ. ಪ್ರತಿ ಡಿಸೆಂಬರಿನಲ್ಲಿ ಸ್ಕ್ರೂಗಳನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ, ಸಡಿಲವಾಗಿದ್ದರೆ ಹಳೆಯದನ್ನು ತೆಗೆಯುವ ಮೊದಲೇ ಹೊಸದನ್ನು ಕೂರಿಸಿ ಎರಡರ ನಡುವಿನ ದೂರ ಬರೆಯಬೇಕು. ಪುಸ್ತಕದ ಒಂದು ಪ್ರತಿ ಅರಣ್ಯ ಕಚೇರಿಗೆ, ಒಂದು ತಂಡದ ಬಳಿ, ಒಂದು ಬೆಟ್ಟದ ಬುಡದ ಊರಿನವರ ಬಳಿ. ಬೆಂಕಿ ಎದ್ದ ಸುದ್ದಿ ಮೊದಲು ತಿಳಿಯುವುದು ಆ ಊರಿನವರಿಗೇ. ಯಾವ ತೇಪೆಯವರೆಗೆ ಸುಟ್ಟಿತು ಎಂದು ಅದೇ ವಾರ ಅವರು ನಕ್ಷೆಯಲ್ಲಿ ಗೆರೆ ಎಳೆದಿಟ್ಟರೆ ಏಪ್ರಿಲ್‌ನ ಎಣಿಕೆಗೆ ಬೆಂಕಿಯ ಸಾವನ್ನೂ ಬರದ ಸಾವನ್ನೂ ಬೇರೆ ಮಾಡಲು ಆಗುತ್ತದೆ.